ಓವರ್‌ಕ್ಲಾಕ್ ಮಾಡಿದರೆ ಪಿಸಿ ಎಷ್ಟು ವೇಗವಾಗುತ್ತದೆ? ಸುಟ್ಟುಹೋಗುವುದಿಲ್ಲವೇ?

ಪ್ರಶ್ನೆ: ಮನೆಯಲ್ಲಿ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇದೆ. ಹೊಸದಕ್ಕೆ ದುಡ್ಡು ಹಾಕುವ ಬದಲು ಇದನ್ನೇ ಓವರ್‌ಕ್ಲಾಕ್ ಮಾಡಬಹುದೇ? ಎಷ್ಟು ಲಾಭ? ಏನಾದರೂ ಸುಟ್ಟುಹೋದರೆ?

ಉತ್ತರ: ಓವರ್‌ಕ್ಲಾಕ್ ಎಂದರೆ ಚಿಪ್ಪನ್ನು ತಯಾರಕರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಮಾಡಬಹುದು. ಆದರೆ ಬಹಳಷ್ಟು ಮಂದಿ ಪ್ರೊಸೆಸರ್‌ಗೆ ಮೊದಲು ಕೈಹಾಕುತ್ತಾರೆ, ಈ ಕಂಪ್ಯೂಟರಿನಲ್ಲಿ ತೀರ ಕಡಿಮೆ ಲಾಭ ಇರುವುದು ಅಲ್ಲೇ. ಮೊದಲು ರ‍್ಯಾಮ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಪ್ರೊಸೆಸರ್ ಎಂಬ ಕ್ರಮ ಹಿಡಿಯಿರಿ. ಪ್ರೊಸೆಸರ್‌ನ ವೋಲ್ಟೇಜ್ ಏರಿಸುವುದಕ್ಕಿಂತ ಇಳಿಸಿದರೇ ವೇಗ ಹೆಚ್ಚುತ್ತದೆ. ಯಾಕೆಂದು ಮುಂದೆ ಹೇಳುತ್ತೇವೆ.

1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಚಿಪ್ಪನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಬಸ್ (ಚಿಪ್ಪಿಗೂ ಮದರ್‌ಬೋರ್ಡಿಗೂ ನಡುವಿನ ದತ್ತಾಂಶದ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕು, 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಅರ್ಧದಷ್ಟು ವೇಗ ಪುಕ್ಕಟೆ. ಆಗ ತಯಾರಕರು ಚಿಪ್ಪಿನಲ್ಲಿ ಅಷ್ಟೊಂದು ಶಕ್ತಿಯನ್ನು ಬಳಸದೆ ಉಳಿಸುತ್ತಿದ್ದರು. ಈಗ ಹಾಗಿಲ್ಲ. ನಿಮ್ಮ 5600ರ ಮೂಲ ವೇಗ 3.5 ಗಿಗಾಹರ್ಟ್ಸ್ ಆದರೂ, ತನ್ನ ಬಿಸಿ, ತಾನು ಎಳೆಯುತ್ತಿರುವ ಕರೆಂಟು ಎರಡನ್ನೂ ಕ್ಷಣಕ್ಷಣಕ್ಕೂ ಅಳೆದುಕೊಂಡು ಅದು ತಾನಾಗಿಯೇ 4.4ರವರೆಗೆ ಏರುತ್ತದೆ. ನಾವು ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಚಿಪ್ಪೇ ಮಾಡಿಕೊಳ್ಳುತ್ತಿದೆ.

ಬಿಸಿಯ ಲೆಕ್ಕವನ್ನೂ ಒಮ್ಮೆ ನೋಡಿ. ಚಿಪ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.20 ವೋಲ್ಟ್‌ನಲ್ಲಿ 4.2 ಗಿಗಾಹರ್ಟ್ಸ್ ಓಡುತ್ತಿದ್ದ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 4.5ಕ್ಕೆ ಏರಿಸಿದಿರಿ ಎನ್ನಿ. ವೇಗ ಹೆಚ್ಚಿದ್ದು ಶೇ. 7, ವಿದ್ಯುತ್ತು ಹೆಚ್ಚಿದ್ದು ಸುಮಾರು ಶೇ. 36. ಆ ಹೆಚ್ಚುವರಿ ಅಷ್ಟೂ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ.

ಕೈಹಾಕುವ ಮೊದಲು

ಮುಖ್ಯ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಡಿ. ಅಸ್ಥಿರವಾದ ರ‍್ಯಾಮ್ ಕಂಪ್ಯೂಟರನ್ನು ನಿಲ್ಲಿಸಿಬಿಟ್ಟರೆ ಪರವಾಗಿಲ್ಲ, ಸದ್ದಿಲ್ಲದೆ ಫೈಲುಗಳನ್ನು ಕೆಡಿಸಿದರೆ ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಮದರ್‌ಬೋರ್ಡಿನಲ್ಲಿ ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಅಳಿಸಿಹೋದ ಮೇಲೆ ವಿಂಡೋಸ್ ಆ 48 ಅಂಕಿಗಳನ್ನು ಕೇಳಬಹುದು. ಬಯಾಸ್ ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಇಲ್ಲದೆ ಬೇಡ. ನಡುವೆ ಕರೆಂಟು ಹೋದರೆ ಮದರ್‌ಬೋರ್ಡ್ ಮತ್ತೆ ಏಳದೇ ಇರಬಹುದು.

ಬಿಸಿ, ವೋಲ್ಟೇಜ್, ವ್ಯಾಟ್ ನೋಡಲು ಎಚ್‌ಡಬ್ಲ್ಯೂಇನ್ಫೋ64 ಹಾಕಿಕೊಳ್ಳಿ. ಏನನ್ನೂ ಬದಲಿಸದೆ, ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಆರ್23 ಅನ್ನು 10 ನಿಮಿಷ ಓಡಿಸಿ, ಅಂಕವನ್ನೂ ಗರಿಷ್ಠ ಬಿಸಿಯನ್ನೂ ಬರೆದಿಡಿ. ಈ ಮೊದಲ ಅಂಕಿ ಇಲ್ಲದಿದ್ದರೆ ಆಮೇಲೆ ಆದದ್ದು ಲಾಭವೋ ನಷ್ಟವೋ ತಿಳಿಯುವುದಿಲ್ಲ. ಡಬ್ಬಿಯ ಜೊತೆ ಬಂದ ವ್ರೇತ್ ಸ್ಟೆಲ್ತ್ ಕೂಲರ್ ಇದ್ದು ಈಗಲೇ 85 ಡಿಗ್ರಿ ದಾಟುತ್ತಿದ್ದರೆ ಮೊದಲು ಧೂಳು ತೆಗೆಯಿರಿ, ಥರ್ಮಲ್ ಪೇಸ್ಟ್ ಬದಲಿಸಿ. ಈ ಚಿಪ್ಪಿನ ಮಿತಿ 90 ಡಿಗ್ರಿ. ಅಲ್ಲಿ ಮುಟ್ಟಿದೊಡನೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಮೇಲೆ ನೀವು ಮಾಡುವ ಯಾವ ಹೊಂದಾಣಿಕೆಯೂ ಫಲ ಕೊಡದು.

ರ‍್ಯಾಮ್: ನಿಜವಾದ ಲಾಭ ಇಲ್ಲಿದೆ

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ, ಸ್ಪೀಡ್ ನೋಡಿ. ರ‍್ಯಾಮ್ ಪಟ್ಟಿಯ (ಸ್ಟಿಕ್) ಮೇಲೆ 3200 ಅಥವಾ 3600 ಎಂದಿದ್ದರೂ ಇಲ್ಲಿ 2133, 2400 ಅಥವಾ 2666 ಕಂಡರೆ ಆಶ್ಚರ್ಯಪಡಬೇಡಿ. ಜೋಡಿಸಿಕೊಟ್ಟವರು, ರ‍್ಯಾಮನ್ನು ಅದರ ಮೇಲೆ ಬರೆದ ವೇಗದಲ್ಲೇ ಓಡಿಸುವ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಆನ್ ಮಾಡದೆ ಬಿಟ್ಟಿದ್ದಾರೆ, ಅಷ್ಟೇ. ಪಟ್ಟಿ ಒಂದೇ ಇದೆಯೋ ಎರಡಿವೆಯೋ ಅದನ್ನೂ ನೋಡಿ. ಒಂದೇ 16 ಜಿಬಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಮೇಲು, ಯಾಕೆಂದರೆ ಒಂದೇ ಪಟ್ಟಿಯಲ್ಲಿ ದತ್ತಾಂಶ ಹರಿಯುವ ದಾರಿ ಅರ್ಧಕ್ಕೆ ಇಳಿಯುತ್ತದೆ. ಎರಡಿದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿನಲ್ಲಿರಬೇಕು.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್‌ಗೆ ಹೋಗಿ. ಕೆಲವು ಬೋರ್ಡುಗಳಲ್ಲಿ ಆ ಸೆಟ್ಟಿಂಗಿಗೆ ಎಕ್ಸ್‌ಎಂಪಿ ಎಂದೂ, ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ ಎಂದೂ, ಏಸಸ್‌ನಲ್ಲಿ ಡಿಒಸಿಪಿ ಎಂದೂ ಹೆಸರಿದೆ. ಪ್ರೊಫೈಲ್ 1 ಆಯ್ಕೆ ಮಾಡಿ, ಎಫ್10 ಒತ್ತಿ ಉಳಿಸಿ. ವೋಲ್ಟೇಜ್ 1.35 ಆಗಿರುವುದು ಸರಿ. ಮರುಚಾಲನೆಯಲ್ಲಿ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು, ಕಂಪ್ಯೂಟರ್ ಎರಡು ಮೂರು ಸಲ ಆಫ್ ಆಗಿ ಆನ್ ಆಗಬಹುದು. ರ‍್ಯಾಮ್ ಹೊಸ ವೇಗಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ.

2666ರಲ್ಲಿ ಎರಡು ಪಟ್ಟಿಗಳಿಂದ ಸೆಕೆಂಡಿಗೆ ಹೆಚ್ಚೆಂದರೆ 42.6 ಜಿಬಿ ಹರಿಯಬಲ್ಲದು, 3600ರಲ್ಲಿ 57.6 ಜಿಬಿ. ಒಂದೇ ಒಂದು ಸೆಟ್ಟಿಂಗಿನಿಂದ ಶೇ. 35ರಷ್ಟು ಹೆಚ್ಚಳ. ಆಟದ ಫ್ರೇಮುಗಳು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಆದರೆ ನಡುನಡುವೆ ತಡವರಿಸುವುದು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ. 3600ಕ್ಕಿಂತ ಮೇಲಿನ ರ‍್ಯಾಮಿಗೆ ಆಸೆಪಡಬೇಡಿ. 3600 ಎಂದರೆ ರ‍್ಯಾಮಿನ ನಿಜವಾದ ಗಡಿಯಾರ 1800 ಮೆಗಾಹರ್ಟ್ಸ್, ಪ್ರೊಸೆಸರ್‌ನ ಒಳಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ 1800ರಲ್ಲಿ ಅದರ ಜೊತೆ ಹೆಜ್ಜೆ ಹಾಕುತ್ತದೆ. 4000ಕ್ಕೆ ಹೋದರೆ ಫ್ಯಾಬ್ರಿಕ್ 2000ಕ್ಕೆ ಏರಬೇಕು. ಬಹಳಷ್ಟು ಚಿಪ್ಪುಗಳು ಅಲ್ಲಿ ನಿಲ್ಲುವುದಿಲ್ಲ. ಹೆಜ್ಜೆ ತಪ್ಪಿದರೆ ಪ್ರತಿ ಕೋರಿಕೆಗೂ ಕಾಯುವ ಹೊತ್ತು ಹೆಚ್ಚಾಗಿ ಇದ್ದ ವೇಗವೂ ಹೋಗುತ್ತದೆ.

ಎಕ್ಸ್‌ಎಂಪಿ ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ಓಡಿಸಿ ಮಲಗಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ಆ ವೇಗ ಬೇಡ, ಒಂದು ಮೆಟ್ಟಿಲು ಕೆಳಗಿಳಿಯಿರಿ.

ಗ್ರಾಫಿಕ್ಸ್ ಕಾರ್ಡ್

ಎಂಎಸ್‌ಐ ಆಫ್ಟರ್‌ಬರ್ನರ್ ಸಾಕು, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಪವರ್ ಲಿಮಿಟ್ ಅನ್ನು ಕಾರ್ಡ್ ಬಿಡುವಷ್ಟು ಬಲಕ್ಕೆ ಎಳೆಯಿರಿ. 3060ರ ಮೂಲ ಮಿತಿ 170 ವ್ಯಾಟ್. ಕೆಲವು ಕಾರ್ಡುಗಳು ಅದನ್ನು ದಾಟಲು ಬಿಡುವುದೇ ಇಲ್ಲ. ಕೋರ್ ಕ್ಲಾಕ್ ಅನ್ನು +60ರಿಂದ ಶುರುಮಾಡಿ 15ರಂತೆ ಏರಿಸಿ, ಯಾಕೆಂದರೆ ಈ ಚಿಪ್ಪು ವೇಗ ಬದಲಿಸುವುದೇ 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ. ಪ್ರತಿ ಏರಿಕೆಗೂ ಗ್ರಾಫಿಕ್ಸ್ ಪರೀಕ್ಷಿಸುವ ಯೂನಿಜೈನ್ ಸೂಪರ್‌ಪೊಸಿಷನ್ ಓಡಿಸಿ. ಕೋರ್ ಅತಿಯಾದರೆ ಪರದೆ ಒಂದು ಕ್ಷಣ ಕಪ್ಪಾಗಿ ಆಟ ಮುಚ್ಚಿಹೋಗುತ್ತದೆ, ಅಥವಾ ಡ್ರೈವರ್ ಮರುಪ್ರಾರಂಭವಾಯಿತೆಂಬ ಸಂದೇಶ ಬರುತ್ತದೆ. ಅಲ್ಲಿಂದ 30 ಹಿಂದೆ ಬನ್ನಿ.

ಕೋರ್ ವೇಗ ಸ್ಥಿರವಾಗಿ ನಿಂತ ಮೇಲಷ್ಟೇ ಮೆಮೊರಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಕೈಕೊಟ್ಟಿತೆಂದು ಹೇಳಲಾಗದು. +300ರಿಂದ ಶುರುಮಾಡಿ 100ರಂತೆ ಏರಿಸುತ್ತಾ ಅಂಕ ಬರೆಯುತ್ತಾ ಹೋಗಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಮಿನುಗುವ ಚೌಕಗಳು ಕಂಡರೆ ಮಿತಿ ದಾಟಿದಿರಿ ಎಂದರ್ಥ. ಚುಕ್ಕೆ ಕಾಣದೆಯೂ ಅಂಕ ಇಳಿಯತೊಡಗಿದರೆ ಅದೂ ಮಿತಿಯೇ. ಆಫ್ಟರ್‌ಬರ್ನರ್ ತೋರಿಸುವ 7500ಕ್ಕೆ 800 ಸೇರಿದರೆ ಮೆಮೊರಿ ವೇಗ ಹೆಚ್ಚುವುದು ಶೇ. 10ರ ಆಸುಪಾಸು, ಆಟದಲ್ಲಿ ಕೈಗೆ ಬರುವುದು ಅದರ ಅರ್ಧವಿದ್ದರೆ ಒಳ್ಳೆಯ ಕಾರ್ಡು. 60 ಫ್ರೇಮ್ ಬರುತ್ತಿದ್ದ ಕಡೆ 63. ಇದಕ್ಕಿಂತ ದೊಡ್ಡ ಮಾತು ಯಾರಾದರೂ ಹೇಳಿದರೆ ನಂಬಬೇಡಿ.

ಫ್ಯಾನಿನ ಸದ್ದು, ಬಿಸಿ ಸಾಕಾಗಿದ್ದರೆ ವೇಗ ಏರಿಸುವ ಬದಲು ಅಂಡರ್‌ವೋಲ್ಟ್ ಮಾಡಿ, ಅಂದರೆ ವೋಲ್ಟೇಜ್ ಇಳಿಸಿ. ನಮ್ಮ ಒಲವು ಇದರ ಕಡೆಗೇ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ವೋಲ್ಟೇಜ್–ವೇಗದ ಗೆರೆ ತೆರೆಯುತ್ತದೆ. ಮೊದಲು ಕೋರ್ ಕ್ಲಾಕ್ ಅನ್ನು -200ಕ್ಕೆ ಇಳಿಸಿ ಇಡೀ ಗೆರೆ ಕೆಳಗೆ ತನ್ನಿ. ಆಮೇಲೆ 900 ಮಿಲಿವೋಲ್ಟ್‌ನ ಚುಕ್ಕೆಯೊಂದನ್ನು ಮಾತ್ರ 1850 ಮೆಗಾಹರ್ಟ್ಸ್‌ಗೆ ಎಳೆದು ಅಪ್ಲೈ ಒತ್ತಿ. ಅದರ ಬಲಗಡೆಯ ಗೆರೆ ಮಟ್ಟಸವಾಗುತ್ತದೆ. ಆಟ ಮುಚ್ಚಿಹೋದರೆ 1850ನ್ನು 30 ಇಳಿಸಿ. ವೇಗ ಹೆಚ್ಚುಕಡಿಮೆ ಅಷ್ಟೇ ಉಳಿದು, ಕಾರ್ಡ್ ಎಳೆಯುವ ವ್ಯಾಟ್ ಸ್ಪಷ್ಟವಾಗಿ ತಗ್ಗುತ್ತದೆ. 600 ವಿಎ ಯುಪಿಎಸ್ ಇಟ್ಟುಕೊಂಡವರಿಗೆ ಇದು ಮುಖ್ಯ: ಅಂಥವು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, ಮಾನಿಟರ್ ಸೇರಿ ಅದರೊಳಗೇ ಇರಬೇಕು.

ಕೊನೆಗೆ ಪ್ರೊಸೆಸರ್

ಎಲ್ಲ ಕೋರ್‌ಗಳಿಗೂ 4.3 ಎಂದು ಬಿಗಿಯಾಗಿ ಕಟ್ಟುವ ಹಳೆಯ ವಿಧಾನ 5600ಕ್ಕೆ ನಷ್ಟ. ಹಗುರ ಕೆಲಸದಲ್ಲಿ ಅದು ತಾನೇ 4.4 ಮುಟ್ಟುತ್ತಿತ್ತು, ಅದನ್ನು ನೀವು ಕಸಿದಂತಾಯಿತು. ಬದಲಿಗೆ ಬಯಾಸ್‌ನಲ್ಲಿ ಎಎಂಡಿ ಓವರ್‌ಕ್ಲಾಕಿಂಗ್, ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಡ್ವಾನ್ಸ್ಡ್ ಎಂದು ಹೋಗಿ ಕರ್ವ್ ಆಪ್ಟಿಮೈಸರ್ ತೆರೆಯಿರಿ. ಆಲ್ ಕೋರ್ಸ್, ನೆಗೆಟಿವ್, 10. ಪ್ರತಿ ಅಂಕಿಗೆ 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಓಡುವ ಚಿಪ್ ಅದೇ 76 ವ್ಯಾಟ್‌ನ ಮಿತಿಯೊಳಗೆ ಹೆಚ್ಚು ವೇಗ ಹಿಡಿದು ನಿಲ್ಲಬಲ್ಲದು. ವೋಲ್ಟೇಜ್ ಇಳಿಸಿದರೆ ವೇಗ ಏರುವ ಗುಟ್ಟು ಇದೇ. 10ರಲ್ಲಿ ಸ್ಥಿರವಾಗಿ ನಿಂತರೆ 15, ಆಮೇಲೆ 20, ಗರಿಷ್ಠ 30. ಒಳ್ಳೆಯ ಟವರ್ ಕೂಲರ್ ಇದ್ದರೆ ಮಾತ್ರ ಪಿಪಿಟಿಯನ್ನು (ಮೇಲೆ ಹೇಳಿದ ವ್ಯಾಟ್ ಮಿತಿ) 90 ವ್ಯಾಟ್‌ವರೆಗೆ ಬಿಡಿ.

ಇಲ್ಲಿ ಹೆಚ್ಚಿನವರು ಎಡವುವುದು ಪರೀಕ್ಷೆಯಲ್ಲಿ. ಸಿನೆಬೆಂಚ್ ಅರ್ಧ ಗಂಟೆ ಓಡಿತು, ಇನ್ನೇನು ಭಯವಿಲ್ಲ ಎಂದುಕೊಳ್ಳುತ್ತಾರೆ. ಎಲ್ಲ ಕೋರ್‌ಗಳೂ ದುಡಿಯುವಾಗ ವೇಗ ಕಡಿಮೆ ಇರುತ್ತದೆ, ಆಗ ದೋಷ ಕಾಣುವುದಿಲ್ಲ. ಒಂದೇ ಕೋರ್ ತುತ್ತತುದಿಗೆ ಜಿಗಿದಾಗ, ಬ್ರೌಸರ್ ತೆರೆದಾಗ, ಸುಮ್ಮನೆ ಬಿಟ್ಟಿದ್ದಾಗ ಕಂಪ್ಯೂಟರ್ ನೀಲಿ ಪರದೆಯೂ ಇಲ್ಲದೆ ರಪ್ಪನೆ ಮರುಚಾಲನೆಯಾಗುತ್ತದೆ. ಇವೆಂಟ್ ವ್ಯೂವರ್‌ನಲ್ಲಿ ವ್ಹೀಯಾ-ಲಾಗರ್ (WHEA-Logger) 18 ಎಂಬ ದಾಖಲೆ ಸಿಕ್ಕರೆ ಕಾರಣ ಇದೇ ಇರುವ ಸಾಧ್ಯತೆ ಹೆಚ್ಚು. ಕೋರ್‌ಸೈಕ್ಲರ್ ಎಂಬ ಉಚಿತ ತಂತ್ರಾಂಶ ಒಂದೊಂದೇ ಕೋರನ್ನು ಸರದಿಯಲ್ಲಿ ದುಡಿಸಿ ಯಾವುದು ಸೋತಿತೆಂದು ಹೇಳುತ್ತದೆ, ರಾತ್ರಿಯಿಡೀ ಬಿಡಿ. ಸೋತ ಕೋರಿಗೆ ಮಾತ್ರ 20ರ ಬದಲು 12 ಕೊಡಿ, ಉಳಿದವು ಹಾಗೇ ಇರಲಿ.

ಸುಟ್ಟುಹೋಗುವ ಭಯ

ತಪ್ಪು ಸೆಟ್ಟಿಂಗಿನಿಂದ ಕಂಪ್ಯೂಟರ್ ಏಳದಿದ್ದರೆ ಅದು ಸತ್ತಿದೆ ಎಂದಲ್ಲ. ಪ್ಲಗ್ ಕಿತ್ತು, ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು 5 ನಿಮಿಷ ಬಿಟ್ಟು ಹಾಕಿದರೆ ಎಲ್ಲವೂ ಮೂಲಕ್ಕೆ ಬರುತ್ತದೆ. ಇಲ್ಲಿ ಹೇಳಿದ ವಿಧಾನದಲ್ಲಿ ಬಿಸಿಯ ಮಿತಿ, ವ್ಯಾಟ್ ಮಿತಿ ಎರಡೂ ಕಾವಲಿಗೆ ಉಳಿಯುತ್ತವೆ. ಅಪಾಯ ಇರುವುದು ಕೈಯಾರೆ ವೋಲ್ಟೇಜ್ ಏರಿಸುವುದರಲ್ಲಿ. ಹಗುರ ಕೆಲಸದಲ್ಲಿ ಎಚ್‌ಡಬ್ಲ್ಯೂಇನ್ಫೋ ಕ್ಷಣಮಾತ್ರ 1.4 ವೋಲ್ಟ್ ತೋರಿಸಿದರೆ ಅದು ಸಹಜ, ಆಗ ಕರೆಂಟು ಕಡಿಮೆ. ಅದೇ 1.4ನ್ನು ಆರೂ ಕೋರ್‌ಗಳ ಭಾರೀ ಕೆಲಸಕ್ಕೆ ಬಿಗಿಯಾಗಿ ಕಟ್ಟಿದರೆ ಚಿಪ್ ಒಳಗೊಳಗೇ ಸವೆಯುತ್ತದೆ. ಇವತ್ತು ನಿಂತ ವೇಗ ವರ್ಷದ ಮೇಲೆ ನಿಲ್ಲುವುದಿಲ್ಲ. ಮಿತಿಯಾಚೆ ಓಡಿಸಿ ಆದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ತಿಳಿದಿರಲಿ.

ನಿಮ್ಮದು ಬೇರೆ ಯಂತ್ರವಾದರೆ ಮೊದಲು ಬೋರ್ಡ್ ನೋಡಿ. ಎ320 ಬೋರ್ಡು ರೈಜನ್ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು ಬಿಡುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್, ಜೊತೆಗೆ ಝಡ್ ಸರಣಿಯ ಬೋರ್ಡ್, ಎರಡೂ ಬೇಕು. ಐ5-12400 ಇದ್ದವರು ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡಿನಲ್ಲೇ ತೃಪ್ತಿಪಡಬೇಕು. ಎಚ್610 ಬೋರ್ಡಾದರೆ ರ‍್ಯಾಮಿಗೂ ಕಡಿವಾಣವಿದೆ.

ಇನ್ನೊಂದು ವಿಷಯ, ಊರಿನ ಬಿಸಿಲು. ಕೋಣೆ 10 ಡಿಗ್ರಿ ಹೆಚ್ಚು ಕಾದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಕಾಯುತ್ತದೆ. ಜನವರಿಯ ರಾತ್ರಿ ಬೆಂಗಳೂರಿನಲ್ಲಿ ಹೊಂದಿಸಿದ್ದು ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ನಿಲ್ಲಬೇಕೆಂದಿಲ್ಲ. ಅಂಥ ಊರಿನವರು ಕೊನೆಯ ಪರೀಕ್ಷೆಯನ್ನು ಮಧ್ಯಾಹ್ನ 3 ಗಂಟೆಗೆ, ಕೋಣೆಯ ಏರ್‌ಕೂಲರ್ ಆಫ್ ಮಾಡಿ, ಬಾಗಿಲು ಹಾಕಿ ಮಾಡಿ. ಆಫ್ಟರ್‌ಬರ್ನರ್ ಐದು ಪ್ರೊಫೈಲ್ ಉಳಿಸಿಕೊಳ್ಳುತ್ತದೆ: ಒಂದರಲ್ಲಿ ಚಳಿಗಾಲದ ವೇಗ, ಇನ್ನೊಂದರಲ್ಲಿ ಬೇಸಿಗೆಯ ಅಂಡರ್‌ವೋಲ್ಟ್ ಇಡಿ. ಪರೀಕ್ಷೆ ಪೂರ್ತಿ ಮುಗಿಯುವವರೆಗೆ ವಿಂಡೋಸ್ ಜೊತೆಗೇ ಅನ್ವಯಿಸುವ ಗುಂಡಿಯನ್ನು ಮಾತ್ರ ಒತ್ತಬೇಡಿ.