ಜೀರೋ ಕ್ಯಾಂಡಲ್ ಬಲ್ಬು ಮತ್ತು ಕಪ್ಪೆಯ ಚರ್ಮ

ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಜಗಳ ನಡೆಯುತ್ತಿದೆ. ಮಲಗುವ ಕೋಣೆಯಲ್ಲಿ ಜೀರೋ ಕ್ಯಾಂಡಲ್ ಬಲ್ಬು ಉರಿಯಬೇಕೋ ಬೇಡವೋ? ಹೆಂಡತಿಗೆ ಅದು ಬೇಕು. ನನಗೆ ಅದಿದ್ದರೆ ನಿದ್ದೆ ಹತ್ತುವುದಿಲ್ಲ. "ಕಣ್ಣು ಮುಚ್ಚಿದ ಮೇಲೆ ಲೈಟ್ ಇದ್ರೇನು, ಇಲ್ದಿದ್ರೇನು?" ಅಂತ ಅವಳ ವಾದ. ಅತ್ತೆ ಬಂದರಂತೂ ಮುಗಿದೇಹೋಯಿತು. ರಾತ್ರಿ ಮನೆ ಪೂರ್ತಿ ಕತ್ತಲಾಗಬಾರದು, ಅಪಶಕುನ ಅನ್ನುತ್ತಾರೆ. "ದೀಪ ಆರಿಸು" ಅನ್ನುವ ಮಾತೇ ಅವರ ಬಾಯಲ್ಲಿ ಬರುವುದಿಲ್ಲ, "ಶಾಂತ ಮಾಡು" ಅನ್ನಬೇಕು. ಮಾತೇನೋ ಚೆನ್ನಾಗಿದೆ. ಆದರೆ ಎಣ್ಣೆ ದೀಪದ ಶಾಸ್ತ್ರವನ್ನು ಸ್ವಿಚ್‌ಬೋರ್ಡಿಗೂ ಹಚ್ಚಿದರೆ ಹೇಗೆ?

ಅಂದಹಾಗೆ, ಆ ಜೀರೋ ಸೊನ್ನೆಯೇನಲ್ಲ. ಹಳೇ ಫಿಲಮೆಂಟ್ ಜೀರೋ ಬಲ್ಬುಗಳು 12ರಿಂದ 15 ವಾಟ್ ಎಳೆಯುತ್ತಿದ್ದವು. ಚಕ್ರ ತಿರುಗುವ ಮೀಟರಿಗೆ ಅಷ್ಟು ಸಣ್ಣ ಲೋಡು ಸರಿಯಾಗಿ ಸಿಗುತ್ತಿರಲಿಲ್ಲ, ಅಷ್ಟೇ.

ಈಗ ಕಣ್ಣಿಗೆ ಬರೋಣ. ದಂಡಕೋಶ, ಶಂಕುಕೋಶ ಎಲ್ಲ ಹೈಸ್ಕೂಲಿನಲ್ಲಿ ಓದಿದ್ದೀರಿ, ಬಿಟ್ಟುಬಿಡುತ್ತೇನೆ. ನನ್ನ ಪ್ರೀತಿಯೆಲ್ಲ ಬೆಳಕು ಹಿಡಿಯುವ ಮೂರನೇ ಬಗೆಯ ಕೋಶದ ಮೇಲೆ. ಕುರುಡು ಇಲಿಗಳ ಪಾಪೆ ಕೂಡ ಬೆಳಕಿಗೆ ಕಿರಿದಾಗುವುದನ್ನು ಕ್ಲೈಡ್ ಕೀಲರ್ ಅನ್ನುವ ವಿಜ್ಞಾನಿ 1920ರ ದಶಕದಲ್ಲೇ ನೋಡಿದ್ದ. ಹೆಚ್ಚು ಜನ ತಲೆ ಕೆಡಿಸಿಕೊಳ್ಳಲಿಲ್ಲ. 1998ರಲ್ಲಿ ಇಗ್ನಾಸಿಯೋ ಪ್ರೊವೆನ್ಸಿಯೋ ಮತ್ತು ಸಂಗಡಿಗರಿಗೆ ಬೆಳಕು ಹಿಡಿಯುವ ಹೊಸದೊಂದು ಪ್ರೋಟೀನ್ ಸಿಕ್ಕಿತು. ಎಲ್ಲಿ ಗೊತ್ತಾ? ಕಪ್ಪೆಯ ಚರ್ಮದಲ್ಲಿ! ಅದಕ್ಕೆ ಮೆಲನಾಪ್ಸಿನ್ ಅಂತ ಹೆಸರಿಟ್ಟರು. ಅದೇ ಪ್ರೋಟೀನ್ ನಮ್ಮ ರೆಟಿನಾದಲ್ಲೂ ಇದೆ. ಅದಿರುವ ನರಕೋಶಗಳು ದಂಡ, ಶಂಕುಗಳ ಹಂಗಿಲ್ಲದೆ ತಾವೇ ಬೆಳಕಿಗೆ ಸ್ಪಂದಿಸುತ್ತವೆ ಅಂತ 2002ರಲ್ಲಿ ಡೇವಿಡ್ ಬರ್ಸನ್ ತಂಡ ಇಲಿಗಳಲ್ಲಿ ತೋರಿಸಿತು.

ಈ ಕೋಶಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ, ಬೆಳಕು ಎಷ್ಟಿದೆ ಅಂತ ಅಳೆಯುವುದು. ನಿಮ್ಮ ಮನೆಯ ಸಂಪಿನ ಬಾಲ್ ವಾಲ್ವ್ ನೆನಪಿಸಿಕೊಳ್ಳಿ. ಬಂದಿದ್ದು ಕಾವೇರಿ ನೀರೋ ಟ್ಯಾಂಕರ್ ನೀರೋ ಅದಕ್ಕೆ ಬೇಕಿಲ್ಲ, ಎಷ್ಟು ತುಂಬಿದೆ ಅನ್ನುವುದು ಮಾತ್ರ ಬೇಕು. ಅಥವಾ ಮಳೆ ಮಾಪಕ ಅಂದುಕೊಳ್ಳಿ: ಒಂದೆರಡು ಹನಿಗೆ ಏನೂ ಹೇಳದೆ ನಿಧಾನವಾಗಿ ಕೂಡಿಡುತ್ತಾ ಹೋಗುತ್ತದೆ, ಮಳೆ ನಿಂತ ಮೇಲೂ ಲೆಕ್ಕ ಹಿಡಿದುಕೊಂಡಿರುತ್ತದೆ. ಮೆಲನಾಪ್ಸಿನ್ ಕೋಶವೂ ಹಾಗೇ, ನಿಧಾನಕ್ಕೆ ಎಚ್ಚೆತ್ತು ನಿಧಾನಕ್ಕೆ ಸುಮ್ಮನಾಗುತ್ತದೆ. ಅದಕ್ಕೆ ಹೆಚ್ಚು ಹಿಡಿಸುವುದು 480 ನ್ಯಾನೋಮೀಟರ್ ಆಸುಪಾಸಿನ ಬೆಳಕು, ಅಂದರೆ ಹಗಲಿನ ಆಕಾಶದ ನೀಲಿಯ ಕಡೆಯದು.

ಲೆಕ್ಕ ಹೋಗುವುದು ಮೆದುಳಿನ ಬುಡದಲ್ಲಿರುವ ಗಡಿಯಾರಕ್ಕೆ. ಸುಮಾರು 20,000 ನರಕೋಶಗಳ ಪುಟ್ಟ ಗಂಟು ಅದು. ಅಲ್ಲಿಂದ ಸಂದೇಶ ಬೆನ್ನುಹುರಿಯೊಳಗೆ ಎದೆಯ ಮಟ್ಟದವರೆಗೂ ಇಳಿದು, ಕುತ್ತಿಗೆಯ ಮೂಲಕ ಮತ್ತೆ ಮೇಲೆ ಹತ್ತಿ, ಮೆದುಳಿನಲ್ಲೇ ಇರುವ ಪೀನಿಯಲ್ ಗ್ರಂಥಿ ಸೇರುತ್ತದೆ. ಮಲ್ಲೇಶ್ವರದಿಂದ ಯಶವಂತಪುರಕ್ಕೆ ಮೆಜೆಸ್ಟಿಕ್ ಮೇಲೆ ಹೋದ ಹಾಗೆ. ಕತ್ತಲಾಗಿದೆ ಅಂತ ಸುದ್ದಿ ಬಂದರೆ ಪೀನಿಯಲ್ ಮೆಲಟೋನಿನ್ ಬಿಡುತ್ತದೆ, ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುವ ಹಾರ್ಮೋನು ಅದು. ಬೆಳಕಿದೆ ಅಂದರೆ ನಿಲ್ಲಿಸುತ್ತದೆ.

ಇದೇ ಗ್ರಂಥಿ "ಶಿವನ ಮೂರನೇ ಕಣ್ಣು" ಅಂತ ವಾಟ್ಸಾಪ್‌ನಲ್ಲಿ ತಿರುಗುತ್ತಿರುತ್ತದೆ, ನನಗೂ ವಾರಕ್ಕೊಂದು ಬರುತ್ತದೆ. ನಮ್ಮ ಪೀನಿಯಲ್‌ಗೆ ನೇರವಾಗಿ ಏನೂ ಕಾಣುವುದಿಲ್ಲ ಸ್ವಾಮಿ. ನೆತ್ತಿಯ ಮೇಲೆ ಬೆಳಕು ತಿಳಿಯುವ ಮೂರನೇ ಕಣ್ಣು ನಿಜವಾಗಿ ಇರುವುದು ಬೇಲಿ ಮೇಲೆ ಕೂರುವ ಓತಿಕ್ಯಾತಕ್ಕೆ. ಮೆಲಟೋನಿನ್ ಕಥೆಯಲ್ಲಿ ಬರುವುದೂ ಮತ್ತೆ ಕಪ್ಪೆಯೇ. 1958ರಲ್ಲಿ ಅದನ್ನು ಬೇರ್ಪಡಿಸಿದ ಆರನ್ ಲರ್ನರ್ ಚರ್ಮದ ಡಾಕ್ಟರು. ತೊನ್ನಿನಂಥ ಕಾಯಿಲೆಗೆ ಉಪಯೋಗಕ್ಕೆ ಬರುವುದೇನಾದರೂ ಸಿಗುತ್ತಾ ಅಂತ ಹುಡುಕುತ್ತಿದ್ದರು. ಅದು ಕಪ್ಪೆಯ ಚರ್ಮವನ್ನು ಬಿಳುಚಿಸುತ್ತಿತ್ತು, ನಿದ್ದೆಯ ನಂಟು ಸ್ಪಷ್ಟವಾದದ್ದು ಆಮೇಲೆ.

ಇನ್ನು ನಮ್ಮ ಬೀದಿ. 1905ರ ಆಗಸ್ಟ್ 5ರಂದು ಶಿವನಸಮುದ್ರದ ಕರೆಂಟಿನಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಅವತ್ತಿನಿಂದ ಈ ಊರಿಗೆ ಸರಿಯಾದ ಕತ್ತಲೆ ಇಲ್ಲ. ಆದರೂ ಫಿಲಮೆಂಟ್ ಬಲ್ಬು ಹಳದಿ, ಆಮೇಲೆ ಬಂದ ಸೋಡಿಯಂ ದೀಪ ಕಿತ್ತಳೆ. ಈಗಿನ ಬಿಳಿ ಎಲ್‌ಇಡಿಯೊಳಗೆ ಇರುವುದು ನೀಲಿ ದೀಪ, ಮೇಲೊಂದು ಹಳದಿ ಲೇಪ. ನಮ್ಮ ಎರಡನೇ ಮಹಡಿಯ ಕಿಟಕಿಗೆ ಸರಿಯಾಗಿ ಅಂಥದ್ದೊಂದನ್ನು ಕೂರಿಸಿ ಹೋಗಿದ್ದಾರೆ. ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪನ್ನು ದಿಂಬಿನ ಮೇಲಿಟ್ಟು ನೋಡಿದೆ, 4 ಲಕ್ಸ್. ಹುಣ್ಣಿಮೆ ಚಂದ್ರ ಬಯಲಿನಲ್ಲಿ ಕೊಡುವುದೇ ಹೆಚ್ಚೆಂದರೆ 0.3.

ಸರಿ, ಗೆದ್ದೆ ಅಂದುಕೊಂಡು ಹೆಂಡತಿಗೆ ತೋರಿಸಿದೆ. ಅವಳು ಫೋನ್ ಕಿತ್ತುಕೊಂಡು ಹೋಗಿ ಊಟದ ಮೇಜಿನ ಮೇಲಿಟ್ಟಳು. ರಾತ್ರಿ ಹತ್ತು ಗಂಟೆ, 180 ಲಕ್ಸ್! ಆ ಟ್ಯೂಬ್‌ಲೈಟ್ ಕೆಳಗೆ ಹನ್ನೊಂದರವರೆಗೆ ಕೂತಿರುವವನು ನಾನೇ.

ಅವಳ ಕೈಗೆ ಒಳ್ಳೇ ಪಾಯಿಂಟ್ ಸಿಕ್ಕಿತ್ತು. ಮುಚ್ಚಿದ ರೆಪ್ಪೆ ಬೆಳಕನ್ನು ಸ್ವಲ್ಪವೇ ಬಿಡುತ್ತದೆ, ಬಿಟ್ಟರೂ ಜಾಸ್ತಿ ಕೆಂಪನ್ನು. ಕಣ್ಣು ಮುಚ್ಚಿ ಸೂರ್ಯನ ಕಡೆ ಮುಖ ಮಾಡಿದರೆ ಕೆಂಪಗೆ ಕಾಣುತ್ತದೆ ಅಲ್ವಾ? ತೆರೆದ ಕಣ್ಣಿಗೆ ಆ ರಕ್ಷಣೆ ಇಲ್ಲ. ಮಲಗುವ ಮುಂಚಿನ ಹೊತ್ತಿನಲ್ಲಿ 200 ಲಕ್ಸ್‌ಗಿಂತ ಕಡಿಮೆ ಇರುವ ಮನೆಯ ಬೆಳಕೇ, ಮಂದ ಬೆಳಕಿಗೆ ಹೋಲಿಸಿದರೆ, ಮೆಲಟೋನಿನ್ ಇರುವ ಅವಧಿಯನ್ನು ಸುಮಾರು 90 ನಿಮಿಷ ಮೊಟಕು ಮಾಡಿದ್ದನ್ನು 2011ರ ಒಂದು ಅಧ್ಯಯನ ಕಂಡುಕೊಂಡಿತ್ತು.

ಹಾಗಂತ ಲೈಟ್ ಹಾಕಿಕೊಂಡೇ ಮಲಗಿ ಅಂತಲ್ಲ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 20 ಜನರ ಮೇಲೆ ಒಂದು ಪ್ರಯೋಗ ಮಾಡಿದರು. 100 ಲಕ್ಸ್‌ನಲ್ಲಿ ಒಂದೇ ರಾತ್ರಿ ಮಲಗಿದವರ ಎದೆಬಡಿತ ಜಾಸ್ತಿಯಿತ್ತು, ಬೆಳಿಗ್ಗೆ ಇನ್ಸುಲಿನ್ ಮಾತು ದೇಹ ಅಷ್ಟಾಗಿ ಕೇಳುತ್ತಿರಲಿಲ್ಲ. ನಿದ್ದೆಯಲ್ಲೂ ದೇಹ ಅರೆ ಎಚ್ಚರದಲ್ಲಿ ಕಾವಲು ಕೂತ ಹಾಗೆ. ಆದರೆ ರೂಟರ್‌ನ ಚುಕ್ಕಿ ದೀಪಕ್ಕೆ ಟೇಪ್ ಅಂಟಿಸುವುದು, ನೀಲಿ ಬೆಳಕಿನ ಕನ್ನಡಕಕ್ಕೆ ಎರಡು ಸಾವಿರ ಸುರಿಯುವುದು ಎಲ್ಲ ಸುಮ್ನೆ.

ನಮ್ಮಿಬ್ಬರಲ್ಲಿ ಯಾರು ಸರಿ? 55 ಜನರನ್ನು ಅಳೆದ 2019ರ ಒಂದು ಅಧ್ಯಯನದಲ್ಲಿ ಸಂಜೆಯ ಬೆಳಕಿಗೆ ಒಬ್ಬೊಬ್ಬರ ಸೂಕ್ಷ್ಮತೆ 50 ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಿತ್ತು. ಒಬ್ಬರಿಗೆ 6 ಲಕ್ಸ್ ಮಾಡುವ ಕೆಲಸಕ್ಕೆ ಇನ್ನೊಬ್ಬರಿಗೆ 350 ಬೇಕು. ಹನ್ನೊಂದು ವರ್ಷ ಇಬ್ಬರೂ ಸುಳ್ಳು ಹೇಳಿರಲಿಲ್ಲ ಅನ್ಸುತ್ತೆ.

ಈಗ ಒಂಬತ್ತಾದರೆ ಟ್ಯೂಬ್‌ಲೈಟ್ ಶಾಂತ. ಜೀರೋ ಬಲ್ಬು ಬಚ್ಚಲಿನ ದಾರಿಗೆ ಹೋಗಿದೆ, ಕಾಲಡಿಯ ಮಟ್ಟದಲ್ಲಿ, ಕೆಂಪು ಬಣ್ಣದ್ದು. ಮನೆ ಪೂರ್ತಿ ಕತ್ತಲಿಲ್ಲ ಅಂತ ಅತ್ತೆಗೂ ಸಮಾಧಾನ. ಕಿಟಕಿಗೆ ಸೋಲಾಪುರದ ಚಾದರ ಕಟ್ಟಿ ಬಟ್ಟೆ ಕ್ಲಿಪ್ಪು ಹಾಕಿದ್ದೇನೆ. ಮೂರು ಗಂಟೆ ಗಾಳಿಗೆ ಅದು ದಿನಾ ಒಂದು ಕಡೆ ಜಾರುತ್ತದೆ, ಆ ಕಡೆ ಮಲಗುವುದು ನಾನು.