ಬೂಟ್ ಆಗದ ಕಂಪ್ಯೂಟರಿಗೆ ಫಾರ್ಮ್ಯಾಟೇ ಮದ್ದಲ್ಲ

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವವರ ಲ್ಯಾಪ್‌ಟಾಪ್‌ನಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಇರುವುದು ಈಗ ವಿಶೇಷವೇನಲ್ಲ. ಲ್ಯಾಬ್ ಪ್ರೋಗ್ರಾಂಗಳಿಗೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಬೇಕು. ನುಡಿಯಲ್ಲಿ ಟೈಪ್ ಮಾಡಿಟ್ಟ ಅರ್ಜಿಗಳು, ಮನೆಯ ವ್ಯಾಪಾರದ ಟ್ಯಾಲಿ ಲೆಕ್ಕ, ಕ್ಯಾಡ್ ಸಾಫ್ಟ್‌ವೇರ್ ಇವಕ್ಕೆಲ್ಲ ವಿಂಡೋಸ್ ಬೇಕು. ಒಂದೇ ಎಸ್‌ಎಸ್‌ಡಿಯನ್ನು ಪಾಲು ಮಾಡಿ ಎರಡನ್ನೂ ಕೂರಿಸುತ್ತಾರೆ. ಹೀಗೇ ಒಂದಷ್ಟು ತಿಂಗಳು ನಡೆದ ಮೇಲೆ ಒಂದು ಬೆಳಿಗ್ಗೆ ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲು, ಇಲ್ಲವೇ ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೊಡಿ ಎಂಬ ಬೇಡಿಕೆ, ಅದೂ ಇಲ್ಲದಿದ್ದರೆ ಲಿನಕ್ಸ್ ಎಂಬುದು ಇತ್ತೆಂಬ ಸುಳಿವೇ ಇಲ್ಲದಂತೆ ನೇರವಾಗಿ ವಿಂಡೋಸ್. ಬಿ.ಎಚ್. ರಸ್ತೆಯಲ್ಲಾಗಲಿ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಾಗಲಿ, ರಿಪೇರಿಗೆ ಕೊಟ್ಟಾಗ ಸಿಗುವ ಸಲಹೆ ಹೆಚ್ಚಾಗಿ ಒಂದೇ: ‘ಫಾರ್ಮ್ಯಾಟ್ ಹೊಡೀಬೇಕು.’ ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಫೈಲುಗಳಿಗೆ ಏನೂ ಆಗಿರುವುದಿಲ್ಲ. ತಪ್ಪಿರುವುದು ಬೂಟ್ ಆಗುವ ಮೊದಲ ಕೆಲವು ಸೆಕೆಂಡುಗಳಲ್ಲಿ ಒಂದು ಪ್ರೋಗ್ರಾಂ ಇನ್ನೊಂದನ್ನು ಹುಡುಕಿ ಎಬ್ಬಿಸುವ ಸರಪಳಿಯ ಒಂದು ಕೊಂಡಿ ಅಷ್ಟೆ.

ಆ ಸರಪಳಿ ಇಷ್ಟು ಗೋಜಲಾದದ್ದು ಒಮ್ಮೆಲೇ ಅಲ್ಲ. 1983ರಲ್ಲಿ ವಿಂಡೋಸ್‌ಗೂ ಹಿಂದಿನ ಓಎಸ್ ಆದ ಡಾಸ್ 2.0 ಜೊತೆ ಬಂದ ಎಂಬಿಆರ್ ಎಂದರೆ ಡಿಸ್ಕಿನ ಮೊದಲ 512 ಬೈಟ್: ಕೋಡ್‌ಗೆ 446, ನಾಲ್ಕು ಪಾರ್ಟಿಷನ್‌ಗಳ (ಡಿಸ್ಕಿನ ಪಾಲುಗಳ) ಪಟ್ಟಿಗೆ 64, ಕೊನೆಯ ಗುರುತಿಗೆ 2. ತೊಂಬತ್ತರ ದಶಕದಲ್ಲಿ ಲಿನಕ್ಸ್ ಎಬ್ಬಿಸುವ ಲಿಲೋ ಬಂತು, ಗ್ರಬ್ ಬಂತು, ವಿಂಡೋಸ್‌ನ ಹಲವು ಆವೃತ್ತಿಗಳು ಬಂದವು. ಎರಡು ದಶಕ ಆ 446 ಬೈಟ್‌ಗಾಗಿಯೇ ಜಗಳ ನಡೆಯಿತು. ಕೊನೆಯಲ್ಲಿ ಬರೆದವನದೇ ಡಿಸ್ಕ್. ವಿಂಡೋಸ್ ಮರುಇನ್‌ಸ್ಟಾಲ್ ಮಾಡಿದರೆ ಲಿನಕ್ಸ್ ಕಾಣೆಯಾಗುತ್ತಿತ್ತು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಖಾಲಿ’ಯೆಂದು ಕಂಡ ಲಿನಕ್ಸ್ ಪಾರ್ಟಿಷನ್ ಅಳಿಸಿದರೆ ಗ್ರಬ್‌ನ ಉಳಿದರ್ಧ ಹೋಗಿ ಎರಡೂ ಕಾಣೆಯಾಗುತ್ತಿದ್ದವು. ಇನ್ನೊಂದು ವಿಚಿತ್ರವೂ ಇತ್ತು. 446 ಬೈಟ್‌ನಲ್ಲಿ ಹಿಡಿಸದ ಗ್ರಬ್ ತನ್ನ ಮುಂದಿನ ಭಾಗವನ್ನು ಎಂಬಿಆರ್‌ಗೂ ಮೊದಲ ಪಾರ್ಟಿಷನ್‌ಗೂ ನಡುವಿನ ಯಾರಿಗೂ ಸೇರದ ಸೆಕ್ಟರ್‌ಗಳಲ್ಲಿ ಇಡುತ್ತಿತ್ತು. ದುಬಾರಿ ವಿಂಡೋಸ್ ಸಾಫ್ಟ್‌ವೇರ್‌ಗಳ ಕೆಲವು ಲೈಸೆನ್ಸ್ ಪ್ರೋಗ್ರಾಂಗಳೂ ಅದೇ ಜಾಗದಲ್ಲಿ ಗುಟ್ಟಾಗಿ ಗುರುತು ಬರೆದಿಡುತ್ತಿದ್ದವು. ಕ್ಯಾಡ್ ತೆರೆದ ಮರುದಿನ ಉಬುಂಟು ಏಳದಿದ್ದರೆ ಕಾರಣ ಯಾರಿಗೆ ಹೊಳೆದೀತು?

ಇದಕ್ಕೆಲ್ಲ ಪರಿಹಾರವೆಂದು ಬಂದದ್ದು ಯುಇಎಫ್‌ಐ ಎಂಬ, ಮದರ್‌ಬೋರ್ಡಿನಲ್ಲೇ ಇರುವ ಹೊಸ ಬೂಟ್ ವ್ಯವಸ್ಥೆ. 2005ರಲ್ಲಿ ಅದರ ನಿಯಮ ರೂಪಿಸುವ ಕಂಪನಿಗಳ ವೇದಿಕೆ ರಚನೆಯಾದರೂ ನಮ್ಮ ಮೇಜಿನ ಮೇಲೆ ಅದು ಕುಳಿತದ್ದು 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ 8 ಬಂದ ಮೇಲೆ. ಕಾಗದದ ಮೇಲೆ ವ್ಯವಸ್ಥೆ ಚೊಕ್ಕವಾಗಿದೆ. ಡಿಸ್ಕಿನಲ್ಲಿ ಇಎಸ್‌ಪಿ ಎಂಬ ಸಣ್ಣ ಫ್ಯಾಟ್32 ಪಾರ್ಟಿಷನ್ ಇರುತ್ತದೆ. ಅದರ ಇಎಫ್‌ಐ ಫೋಲ್ಡರಿನೊಳಗೆ ಮೈಕ್ರೋಸಾಫ್ಟ್, ಉಬುಂಟು ಎಂದು ಪ್ರತಿ ಓಎಸ್‌ಗೂ ಪ್ರತ್ಯೇಕ ಫೋಲ್ಡರ್. ಯಾವುದನ್ನು ಮೊದಲು ಎಬ್ಬಿಸಬೇಕೆಂಬ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕಬೇಕಾದ ಅಗತ್ಯವೇ ಇಲ್ಲ. ಜಗಳ ಮಾತ್ರ ನಿಲ್ಲಲಿಲ್ಲ, ಬೈಟ್‌ಗಳಿಂದ ಪಟ್ಟಿಗೆ ವರ್ಗವಾಯಿತು.

ಇವತ್ತು ‘ಲಿನಕ್ಸ್ ಮಾಯವಾಯಿತು’ ಎಂಬ ದೂರುಗಳಲ್ಲಿ ಬಹುಪಾಲು ಈ ಪಟ್ಟಿಯದೇ. ದೊಡ್ಡ ವಿಂಡೋಸ್ ಅಪ್‌ಡೇಟ್ ಅಥವಾ ಬಯೋಸ್ (ಮದರ್‌ಬೋರ್ಡಿನ ಸ್ವಂತ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಕ್ರಮ ಬದಲಾಗಿರುತ್ತದೆ, ಇಲ್ಲವೇ ಉಬುಂಟುವಿನ ಸಾಲೇ ಅಳಿಸಿಹೋಗಿರುತ್ತದೆ. ಮೊದಲು ನೋಡಬೇಕಾದದ್ದು, ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಿದರೆ ಬರುವ ಬೂಟ್ ಮೆನು: ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಅಲ್ಲಿ ಉಬುಂಟು ಕಂಡರೆ ಬಯೋಸ್ ಒಳಗೆ ಹೋಗಿ ಕ್ರಮ ಬದಲಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಕಾಣದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಓಡುವ ಪ್ರತಿ) ಉಬುಂಟು ಎಬ್ಬಿಸಿ, ಟರ್ಮಿನಲ್‌ನಲ್ಲಿ ‘ಇಎಫ್‌ಐಬೂಟ್‌ಎಂಜಿಆರ್’ ಕಮಾಂಡ್ ಓಡಿಸಿ ಪಟ್ಟಿ ನೋಡಬೇಕು. ಇಎಸ್‌ಪಿಯ ಉಬುಂಟು ಫೋಲ್ಡರಿನಲ್ಲಿ ಗ್ರಬ್ಬನ್ನು ಎಬ್ಬಿಸುವ ‘ಶಿಮ್‌ಎಕ್ಸ್64’ ಫೈಲ್ ಇನ್ನೂ ಇದ್ದರೆ, ಅದೇ ಕಮಾಂಡಿಗೆ ಡಿಸ್ಕ್, ಪಾರ್ಟಿಷನ್ ಸಂಖ್ಯೆ, ಫೈಲಿನ ದಾರಿ ಕೊಟ್ಟು ಹೊಸ ಸಾಲು ಸೇರಿಸಬಹುದು. ಏನನ್ನೂ ಮರುಇನ್‌ಸ್ಟಾಲ್ ಮಾಡಬೇಕಿಲ್ಲ.

ಕೆಲವು ಲ್ಯಾಪ್‌ಟಾಪ್‌ಗಳು ಪಟ್ಟಿಯನ್ನು ಓದಿದಂತೆ ನಟಿಸಿ ಕೊನೆಗೆ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೇ ಎಬ್ಬಿಸುತ್ತವೆ. ಅಂಥಲ್ಲಿ ವಿಂಡೋಸ್‌ನ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಬಿಸಿಡಿಎಡಿಟ್’ ಮೂಲಕ ಬೂಟ್ ಮ್ಯಾನೇಜರ್‌ನ ದಾರಿಯನ್ನೇ ಶಿಮ್ ಫೈಲಿನತ್ತ ತಿರುಗಿಸುವುದು ರೂಢಿ. ಏಸರ್‌ನ ಹಲವು ಮಾದರಿಗಳಲ್ಲಿ ಬೇರೆಯದೇ ವಿಧಿ: ಎಫ್2 ಒತ್ತಿ ಒಳಹೋಗಿ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಬೇಕು. ಅದಿಲ್ಲದೆ ಸೆಕ್ಯುರಿಟಿ ಪುಟದಲ್ಲಿ ‘ನಂಬಿಕಸ್ಥ ಯುಇಎಫ್‌ಐ ಫೈಲ್’ ಆರಿಸುವ ಆಯ್ಕೆ ಮಸುಕಾಗಿಯೇ ಇರುತ್ತದೆ. ಆ ಪಾಸ್‌ವರ್ಡ್ ಮರೆತರೆ ಸರ್ವಿಸ್ ಸೆಂಟರ್‌ಗೆ ಅಲೆಯಬೇಕಾದೀತು, ಬರೆದಿಡಿ.

ಹಳೆಯದೂ ಹೊಸದೂ ಕಲಸಿದಾಗ ಆಗುವ ತೊಂದರೆ ಬೇರೆ ಜಾತಿಯದು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹೆಸರಿನ ಜೊತೆ ‘ಯುಇಎಫ್‌ಐ’ ಎಂದಿರುತ್ತದೆ. ಇನ್ನೊಂದನ್ನು ಆರಿಸಿ ಲಿನಕ್ಸ್ ಹಾಕಿದರೆ ಅದು ಲೆಗಸಿ, ಅಂದರೆ ಹಳೆಯ ಎಂಬಿಆರ್ ರೀತಿಯಲ್ಲಿ ಕೂರುತ್ತದೆ, ವಿಂಡೋಸ್ ಯುಇಎಫ್‌ಐ ರೀತಿಯಲ್ಲಿ. ಒಂದರ ಮೆನುವಿನಿಂದ ಮತ್ತೊಂದನ್ನು ಎಬ್ಬಿಸಲಾಗದು. ಲೈವ್ ಉಬುಂಟುವಿನಲ್ಲಿ ‘ಸಿಸ್’ ಡೈರೆಕ್ಟರಿಯ ‘ಫರ್ಮ್‌ವೇರ್’ ಒಳಗೆ ‘ಇಎಫ್‌ಐ’ ಎಂಬ ಫೋಲ್ಡರ್ ಇದ್ದರೆ ಸರಿಯಾದ ರೀತಿಯಲ್ಲಿದ್ದೀರಿ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಹಳೆಯ ಅಸೆಂಬಲ್ಡ್ ಸಿಸ್ಟಮ್‌ಗಳಲ್ಲಿ ಇದು ಮತ್ತೆ ತಲೆ ಎತ್ತಿದೆ. ವಿಂಡೋಸ್ 11ಕ್ಕೆ ಹೋಗಲು, ಎಂಬಿಆರ್ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ರೀತಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಓಡಿಸುವವರು ನೆನಪಿಡಬೇಕು: ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಇನ್ನಷ್ಟು ಪಾರ್ಟಿಷನ್ ಹಿಡಿಸುವ ಪಾರ್ಟಿಷನ್) ಇರುವ ಡಿಸ್ಕನ್ನು ಅದು ಒಪ್ಪುವುದಿಲ್ಲ. ಒಪ್ಪಿಕೊಂಡು ಬದಲಾಯಿಸಿದ ಡಿಸ್ಕಿನಲ್ಲೂ ಲೆಗಸಿ ಗ್ರಬ್ ಮತ್ತೆ ಏಳುವುದಿಲ್ಲ, ಅದನ್ನು ಯುಇಎಫ್‌ಐ ರೀತಿಯಲ್ಲಿ ಹೊಸದಾಗಿ ಹಾಕಬೇಕು.

ವಿಂಡೋಸ್ 8 ಜೊತೆಗೇ ಬಂದ ಫಾಸ್ಟ್ ಸ್ಟಾರ್ಟಪ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಡಿ ಡ್ರೈವ್ ತೆರೆಯಲು ಹೋದರೆ ಬರೆಯಲು ಬಿಡುವುದಿಲ್ಲ. ಒತ್ತಾಯದಿಂದ ಬರೆದರೆ ಫೈಲುಗಳು ಹಾಳಾಗುತ್ತವೆ, ಅದು ನಿಜವಾದ ನಷ್ಟ. ಡಿ ಡ್ರೈವ್ ಬೂಟ್ ಹೊತ್ತಿನಲ್ಲೇ ಜೋಡಣೆಯಾಗುವಂತೆ ಎಫ್‌ಎಸ್‌ಟ್ಯಾಬ್ ಎಂಬ ಉಬುಂಟು ಫೈಲಿನಲ್ಲಿ ಬರೆದಿದ್ದರೆ ಉಬುಂಟು ಎಮರ್ಜೆನ್ಸಿ ಮೋಡ್‌ಗೆ ಬೀಳುವುದೂ ಉಂಟು. ಆ ಸಾಲಿಗೆ ‘ನೋಫೇಲ್’ ಎಂಬ ಆಯ್ಕೆ ಸೇರಿಸಿದರೆ ಅದು ತಪ್ಪುತ್ತದೆ. ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ’ ಕಮಾಂಡಿನಿಂದ ಹೈಬರ್ನೇಷನ್ ಆಫ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಎಸ್‌ಎಸ್‌ಡಿ ಇರುವವರಿಗೆ ಫಾಸ್ಟ್ ಸ್ಟಾರ್ಟಪ್‌ನಿಂದ ಉಳಿಯುವುದು ಕೆಲವೇ ಸೆಕೆಂಡು. (ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುವುದೂ ಇದೇ ಜೋಡಿ ಸಂಸಾರದ ಫಲ. ವಿಂಡೋಸ್ ಮದರ್‌ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ (ಗ್ರೀನ್‌ವಿಚ್ ಸಮಯ) ಎಂದು. ಬೂಟ್‌ಗೆ ಅದರಿಂದ ತೊಂದರೆಯಿಲ್ಲ.)

ಕರೆಂಟಿನ ಮಾತೂ ಬರಬೇಕು. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ ಎಂದ ಮಾತ್ರಕ್ಕೆ ಜಿಲ್ಲೆಯಲ್ಲಿ ಕರೆಂಟ್ ಹೋಗುವುದಿಲ್ಲ ಎಂದಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ, ಕರ್ನಲ್ ಏಳಲು ಬೇಕಾದ ಫೈಲ್ ಆದ ಇನಿಟ್‌ರ‍್ಯಾಮ್‌ಎಫ್‌ಎಸ್ ಅರ್ಧಕ್ಕೆ ನಿಂತು, ಮುಂದಿನ ಸಲ ‘ಕರ್ನಲ್ ಪ್ಯಾನಿಕ್’ ಬರುತ್ತದೆ. ಹೆಸರು ಭಯಂಕರ, ಮದ್ದು ಸುಲಭ. ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಶನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ ಒಳಬನ್ನಿ. ‘ಡಿಪಿಕೆಜಿ’ ಕಮಾಂಡಿಗೆ ‘ಕಾನ್ಫಿಗರ್’ ಆಯ್ಕೆ ಕೊಟ್ಟು ಅರ್ಧ ನಿಂತ ಕೆಲಸ ಮುಗಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ತಯಾರಿಸಿ, ಗ್ರಬ್ ಅಪ್‌ಡೇಟ್ ಮಾಡಿ. ಬೂಟ್ ಪಾರ್ಟಿಷನ್ ಬೇರೆ ಮಾಡಿಕೊಂಡವರಲ್ಲಿ ಅದು ಹಳೆಯ ಕರ್ನಲ್‌ಗಳಿಂದ ತುಂಬಿ ಇದೇ ಗತಿ ಬರುವುದುಂಟು.

ಈಗ ಎಲ್ಲಕ್ಕಿಂತ ತೊಡಕಿನ ಅಧ್ಯಾಯ, ಸೆಕ್ಯೂರ್ ಬೂಟ್. ಡಿಜಿಟಲ್ ಸಹಿ ಇರುವ ಪ್ರೋಗ್ರಾಂ ಮಾತ್ರ ಏಳಲಿ ಎಂಬುದು ಇದರ ತತ್ವ. ಬಹುತೇಕ ಕಂಪ್ಯೂಟರುಗಳಲ್ಲಿ ಮೊದಲೇ ತುಂಬಿಬರುವುದು ಮೈಕ್ರೋಸಾಫ್ಟ್‌ನ ಕೀಗಳು. ಹಾಗಾಗಿ ಲಿನಕ್ಸ್‌ನವರು ಶಿಮ್ ಎಂಬ ಚಿಕ್ಕ ಪ್ರೋಗ್ರಾಂ ಬರೆದು ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಪಡೆದರು. ಶಿಮ್ ಗ್ರಬ್ಬನ್ನು, ಗ್ರಬ್ ಕರ್ನಲನ್ನು ಪರೀಕ್ಷಿಸಿ ಎಬ್ಬಿಸುತ್ತದೆ. 2020ರ ಜುಲೈನಲ್ಲಿ ಗ್ರಬ್‌ನಲ್ಲಿ ‘ಬೂಟ್‌ಹೋಲ್’ ಎಂಬ ದೋಷ ಬಯಲಾಯಿತು. ದೋಷವಿರುವ ಪ್ರತಿಯೊಂದು ಪ್ರತಿಯನ್ನೂ ನಿಷೇಧ ಪಟ್ಟಿಗೆ ಸೇರಿಸಬೇಕಾಗಿ ಬಂತು. ಮದರ್‌ಬೋರ್ಡ್‌ಗಳಲ್ಲಿ ಆ ಪಟ್ಟಿಗೆ ಸಾಮಾನ್ಯವಾಗಿ ಇರುವುದು 32 ಕಿಲೋಬೈಟ್ ಜಾಗ. ಈ ಒಂದೇ ಘಟನೆ ಅದರಲ್ಲಿ 10 ಕಿಲೋಬೈಟ್ ತಿಂದಿತು. ಹೀಗೆ ಮೂರು ಸಲ ಆದರೆ ಜಾಗವೇ ಇರುವುದಿಲ್ಲ. ಅದಕ್ಕಾಗಿ ಎಸ್‌ಬ್ಯಾಟ್ ಹುಟ್ಟಿತು: ಫೈಲ್‌ಗಳನ್ನು ಒಂದೊಂದಾಗಿ ನಿಷೇಧಿಸುವ ಬದಲು ‘ಇಷ್ಟನೆಯ ತಲೆಮಾರಿಗಿಂತ ಹಳೆಯ ಗ್ರಬ್ ಬೇಡ’ ಎಂದು ಒಂದು ಸಂಖ್ಯೆ ಬರೆದಿಡುವ ಉಪಾಯ.

ಉಪಾಯ ಜಾಣತನದ್ದೇ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಈ ಸಂಖ್ಯೆಯನ್ನು ಏರಿಸಿತು. ಎರಡು ಓಎಸ್ ಇರುವ ಕಂಪ್ಯೂಟರುಗಳನ್ನು ಗುರುತಿಸಿ ಬಿಟ್ಟುಬಿಡಬೇಕೆಂಬುದು ಉದ್ದೇಶವಾಗಿತ್ತು, ಗುರುತಿಸುವಿಕೆ ಎಲ್ಲೆಡೆ ಫಲಿಸಲಿಲ್ಲ. ಲಿನಕ್ಸ್ ಆರಿಸಿದರೆ ‘ಸೆಕ್ಯುರಿಟಿ ಪಾಲಿಸಿ ವಯಲೇಷನ್’ ಎಂದು ಬರೆದು ಕಂಪ್ಯೂಟರ್ ಆಫ್ ಆಗತೊಡಗಿತು. ಇದರಲ್ಲಿ ಹಲವರ ತಲೆ ಕೆಡಿಸಿದ್ದು ಇನ್ನೊಂದು ಸಂಗತಿ: ರಿಪೇರಿಗೆಂದು ಇಟ್ಟುಕೊಂಡಿದ್ದ ಹಳೆಯ ಲೈವ್ ಪೆನ್‌ಡ್ರೈವ್‌ಗಳಲ್ಲೂ ಹಳೆಯ ಶಿಮ್ಮೇ ಇದ್ದುದರಿಂದ ಅವೂ ಅದೇ ಸಂದೇಶ ತೋರಿಸಿ ನಿಂತವು. ನೋಡುವವರಿಗೆ ಮದರ್‌ಬೋರ್ಡೇ ಹೋದಂತೆ ಕಂಡರೆ ಆಶ್ಚರ್ಯವಿಲ್ಲ. ಮದ್ದು ಇಷ್ಟೇ ಇತ್ತು: ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್ ಎಬ್ಬಿಸಿ, ‘ಮೋಕ್‌ಯುಟಿಲ್’ ಕಮಾಂಡಿನಿಂದ ಎಸ್‌ಬ್ಯಾಟ್ ಪಾಲಿಸಿ ಅಳಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಲಿನಕ್ಸ್‌ಗೇ ಬಂದು, ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿಕೊಂಡು, ಸೆಕ್ಯೂರ್ ಬೂಟ್ ಆನ್ ಮಾಡುವುದು. ಮೈಕ್ರೋಸಾಫ್ಟ್ ಕಡೆಯಿಂದ ಪೂರ್ಣ ಪರಿಹಾರ ಬಂದದ್ದು 2025ರ ಮೇ ಅಪ್‌ಡೇಟ್‌ನಲ್ಲಿ. ನಡುವಿನ ಒಂಬತ್ತು ತಿಂಗಳಲ್ಲಿ ಎಷ್ಟು ಡಿಸ್ಕ್‌ಗಳು ಸುಮ್ಮನೆ ಫಾರ್ಮ್ಯಾಟ್ ಆದವೋ!

ಸೆಕ್ಯೂರ್ ಬೂಟ್ ಆಫ್ ಮಾಡುವ ಮುನ್ನ ಒಂದು ಎಚ್ಚರಿಕೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಬೀಗ) ತಾನೇ ಆನ್ ಆಗಿರುತ್ತದೆ. ಬೂಟ್ ಸರಪಳಿಯಲ್ಲಿ ಏನೇ ಬದಲಾದರೂ ಅದು 48 ಅಂಕಿಯ ಕೀ ಕೇಳಬಹುದು. ಕೀ ಇರುವುದು ಸೆಟಪ್ ಮಾಡಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯಲ್ಲೇ ಸೆಟಪ್ ಮಾಡಿಸಿಕೊಂಡವರು ಅದು ಯಾರ ಇ-ಮೇಲ್ ಎಂದು ಮೊದಲೇ ನೋಡಿಕೊಳ್ಳಬೇಕು. ಈ ಕೀ ಇಲ್ಲದೆ, ಬಯೋಸ್ ಬದಲಾವಣೆಯನ್ನು ಮೊದಲಿನಂತೆ ಮಾಡಿದರೂ ಡಿಸ್ಕ್ ತೆರೆಯದಿದ್ದರೆ ಮಾತ್ರ ಫಾರ್ಮ್ಯಾಟ್ ಹೊಡೆಯದೆ ಬೇರೆ ದಾರಿಯಿಲ್ಲ, ಫೈಲುಗಳ ಆಸೆಯನ್ನೂ ಬಿಡಬೇಕು. ಕೀ ಕೈಯಲ್ಲಿದ್ದರೂ ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡುವುದು ವಾಸಿ.

ಗ್ರಬ್ಬೇ ಕೆಟ್ಟಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಲಿನಕ್ಸ್ ಪಾರ್ಟಿಷನ್ ಜೋಡಿಸಿ, ಅದರ ‘ಬೂಟ್/ಇಎಫ್‌ಐ’ಗೆ ಇಎಸ್‌ಪಿ ಜೋಡಿಸಿ, ‘ಸಿಎಚ್‌ರೂಟ್’ನಿಂದ ಅದರೊಳಗೆ ಹೊಕ್ಕು ‘ಗ್ರಬ್-ಇನ್‌ಸ್ಟಾಲ್’ ಓಡಿಸುವ ವಿಧಾನ ಉಬುಂಟು, ಮಿಂಟ್‌ಗಳಿಗೆ ಸರಿ. ಲಿನಕ್ಸ್‌ನ ಮತ್ತೊಂದು ರೂಪವಾದ ಫೆಡೋರಾದಲ್ಲಿ ಹಾಗೆ ಮಾಡಬಾರದು. ಹಾಗೆ ತಯಾರಾದ ಗ್ರಬ್‌ಗೆ ಸಹಿ ಇರುವುದಿಲ್ಲ. ಅಲ್ಲಿ ಶಿಮ್, ಗ್ರಬ್ ಪ್ಯಾಕೇಜ್‌ಗಳನ್ನೇ ಮರುಇನ್‌ಸ್ಟಾಲ್ ಮಾಡಬೇಕು. ಎಲ್ಲ ಸರಿಯಾದ ಮೇಲೂ ಗ್ರಬ್ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೆ ಗಾಬರಿ ಬೇಡ. 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ‘ಓಎಸ್-ಪ್ರೋಬರ್’ ಭದ್ರತೆಯ ಕಾರಣಕ್ಕೆ ಮೊದಲೇ ಆಫ್ ಆಗಿ ಬರುತ್ತದೆ. ‘ಡೀಫಾಲ್ಟ್/ಗ್ರಬ್’ ಫೈಲಿನಲ್ಲಿ ಅದನ್ನು ಆನ್ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದರೆ ವಿಂಡೋಸ್ ಮೆನುವಿಗೆ ಬರುತ್ತದೆ.

ಮುಂದಿನ ತಿರುವು ಸೆಕ್ಯೂರ್ ಬೂಟ್‌ನ ಮೂಲ ಸರ್ಟಿಫಿಕೇಟ್‌ಗಳದು. ಶಿಮ್‌ಗೆ ಸಹಿ ಹಾಕುತ್ತಿದ್ದ 2011ರ ಸರ್ಟಿಫಿಕೇಟ್‌ನ ಅವಧಿ 2026ರ ಜೂನ್‌ವರೆಗೆ. ಈಗಾಗಲೇ ಸಹಿಯಾದ ಶಿಮ್ ಆ ದಿನ ಕಳೆದ ತಕ್ಷಣ ನಿಲ್ಲುವುದಿಲ್ಲ. ಆದರೆ 2023ರ ಹೊಸ ಸರ್ಟಿಫಿಕೇಟ್‌ನಿಂದ ಮಾತ್ರ ಸಹಿಯಾದ ಶಿಮ್ ಬಂದಾಗ, ಅದನ್ನು ಗುರುತಿಸದ ಹಳೆಯ ಕಂಪ್ಯೂಟರು ಎಬ್ಬಿಸಲು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ‘ಮೋಕ್‌ಯುಟಿಲ್’ಗೆ ‘ಡಿಬಿ’ ಆಯ್ಕೆ ಕೊಟ್ಟರೆ ಕಂಪ್ಯೂಟರ್ ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಯುಇಎಫ್‌ಐ ಸಿಎ 2023’ ಕಾಣದಿದ್ದರೆ ವಿಂಡೋಸ್ ಅಪ್‌ಡೇಟ್, ಲಿನಕ್ಸ್‌ನ ‘ಎಫ್‌ಡಬ್ಲ್ಯೂಯುಪಿಡಿ’ ಅಥವಾ ತಯಾರಕರ ಬಯೋಸ್ ಅಪ್‌ಡೇಟ್ ಮೂಲಕ ಸೇರಿಸಿಕೊಳ್ಳಬಹುದು. ಬಿಟ್‌ಲಾಕರ್ ಕೀ ಬರೆದಿಟ್ಟುಕೊಂಡು, ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ತುಂಬಿದ ಮೇಲೆ ಆ ಕೆಲಸಕ್ಕೆ ಕೈ ಹಾಕಿ.