ಮನುಷ್ಯರು ಮಾಡಿದ ಪಟ್ಟಿಯನ್ನು ಗೂಗಲ್ ಈಗಲೂ ನೆಚ್ಚಬೇಕೇ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: ಹಿಂದೆ ಯಾಹೂವಿನಲ್ಲಿ ಜನರೇ ನೋಡಿ ಆರಿಸಿದ ಜಾಲತಾಣಗಳ ಪಟ್ಟಿ ಇರುತ್ತಿತ್ತು. ಈಗ ಏನು ಹುಡುಕಿದರೂ ಜಾಹೀರಾತೇ ಮೊದಲು. ಗೂಗಲ್‌ನಂಥವರು ಮತ್ತೆ ಆ ಪಟ್ಟಿಗಳನ್ನೇ ನೆಚ್ಚಿಕೊಳ್ಳಬಾರದೇ?

ನೆಚ್ಚಿಕೊಳ್ಳುವುದು ಬೇಡ, ಒಂದು ಮಾತು ಕೇಳಲಿ ಸಾಕು.

ಮಾಟುಂಗಾದ ಸಂಘವೊಂದರಲ್ಲಿ ಕನ್ನಡಿಗರ ವಿಳಾಸ ಪುಸ್ತಕವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ದೀಪಾವಳಿಗೆ ಮುಂಚೆ ಒಂದೊಂದೇ ನಂಬರಿಗೆ ಫೋನು ಮಾಡಿ, ಸಿಕ್ಕವರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ತಾರೀಖು ಹಾಕುತ್ತಿದ್ದರು. ಅಡುಗೆಯವರೊಬ್ಬರ ಹೆಸರಿನೆದುರು ‘ಮದುವೆಗೆ ಸರಿ, ಶ್ರಾದ್ಧಕ್ಕೆ ಬೇಡ’ ಎಂದು ಬರೆದದ್ದನ್ನು ನಾನೇ ಕಂಡಿದ್ದೇನೆ. ಯಾವ ಯಂತ್ರ ಹೇಳೀತು ಇದನ್ನು! ಆದರೆ ಅವರು ಊರಿಗೆ ಮರಳಿದ ಮೇಲೆ, ಮುಂಬಯಿಯ ಏಳಂಕಿಯ ನಂಬರುಗಳ ಮುಂದೆ 2 ಸೇರಿದ್ದು ಕೂಡ ಆ ಪುಸ್ತಕಕ್ಕೆ ಗೊತ್ತಾಗಲಿಲ್ಲ.

ದೊಡ್ಡ ಪಟ್ಟಿಗಳ ಕಥೆಯೂ ಹೀಗೆಯೇ. ಸ್ಟ್ಯಾನ್‌ಫರ್ಡ್‌ನ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ 1994ರಲ್ಲಿ ಯಾಹೂ ಆರಂಭಿಸಿದ್ದೇ ಇಂಥ ಪಟ್ಟಿಯಾಗಿ. 1998ರಲ್ಲಿ ಬಂದ ಡಿಮಾಜ್ ಎಂಬ ಇಂಥದೇ ಪಟ್ಟಿಯನ್ನು ಸ್ವಯಂಸೇವಕರು ನಡೆಸಿದರು. ಗೂಗಲ್ ಕೂಡ ಅದನ್ನು ತನ್ನ ಡೈರೆಕ್ಟರಿಯಾಗಿ ತೋರಿಸುತ್ತಿತ್ತು, 2011ರಲ್ಲಿ ಕೈಬಿಟ್ಟಿತು. ಯಾಹೂವಿನ ಪಟ್ಟಿ 2014ರ ಕೊನೆಗೆ, ಡಿಮಾಜ್ 2017ರ ಮಾರ್ಚಿನಲ್ಲಿ ಮುಚ್ಚಿದವು. ತಾಣಗಳು ಹುಟ್ಟುವ ವೇಗಕ್ಕೆ ಓದಿ ನೋಡುವ ಕಣ್ಣುಗಳು ಸಾಲಲಿಲ್ಲ. ತಮ್ಮ ತಾಣವನ್ನು ಪಟ್ಟಿಗೆ ಸೇರಿಸಿ ಎಂದು ಅರ್ಜಿ ಹಾಕಿದವರು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಜಾಹೀರಾತಿನ ಕಾಟದ ಬಗ್ಗೆ ಹೇಳಿದಿರಿ. ಯಾಹೂ ಪಟ್ಟಿಯೇನೂ ಮಡಿಯಲ್ಲಿರಲಿಲ್ಲ: ವ್ಯಾಪಾರದ ತಾಣವಾದರೆ ಪರಿಶೀಲನೆಗೇ ವರ್ಷಕ್ಕೆ 299 ಡಾಲರ್ ಕಟ್ಟಬೇಕಿತ್ತು.

ಇನ್ನು ಗೂಗಲ್ ಹೆಸರು ಮಾಡಿದ್ದು ಒಂದು ತಾಣಕ್ಕೆ ಬೇರೆ ತಾಣಗಳು ಕೊಟ್ಟ ಕೊಂಡಿಗಳನ್ನು, ಅಂದರೆ ಲಿಂಕುಗಳನ್ನು, ತೂಗಿ ನೋಡುವ ವಿಧಾನದಿಂದ. ಕೊಂಡಿ ಕೊಟ್ಟವರೂ ಮನುಷ್ಯರೇ ತಾನೆ? ಅಂದರೆ ಕೆಲವೇ ಸಂಪಾದಕರ ಬದಲು ಊರಿಗೆ ಊರನ್ನೇ ಕೇಳಿದ ಹಾಗೆ. (ಕೊಂಡಿಗಳನ್ನು ಮಾರುವವರು ಹುಟ್ಟಿಕೊಂಡದ್ದು ಬೇರೆ ರಗಳೆ.)

ಆದರೆ ಊರೇ ಚಿಕ್ಕದಾದರೆ ಈ ಲೆಕ್ಕ ಕೈಕೊಡುತ್ತದೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಯ ಪುಟಕ್ಕೆ ಕೊಂಡಿ ಕೊಡುವವರು ಎಷ್ಟು ಮಂದಿ? ಅಂಥಲ್ಲಿ ಸ್ಥಳೀಯರು ಮಾಡಿದ ಪಟ್ಟಿಯನ್ನು ಹುಡುಕುಯಂತ್ರ ಒಂದು ಸಾಕ್ಷಿಯಾಗಿ ಎಣಿಸಲಿ, ಆದರೆ ಪ್ರತಿ ಹೆಸರಿನ ಮುಂದೆ ಕೊನೆಯ ಸಲ ಯಾವಾಗ ನೋಡಿದ್ದು ಎಂಬ ತಾರೀಖು ಇದ್ದರೆ ಮಾತ್ರ. ಮಾಟುಂಗಾದ ಪುಸ್ತಕದಲ್ಲಿ ಅದು ಇತ್ತು, ಪೆನ್ಸಿಲಿನಲ್ಲಿ.